ಟೆಂಪರರಿ ಪ್ರೊಫೈಲ್ ಬಂತೆಂದು ರಿಜಿಸ್ಟ್ರಿಗೆ ಕೈ ಹಾಕುವ ಮೊದಲು

ಪ್ರಶ್ನೆ: ನಮ್ಮ ಕಚೇರಿಯಲ್ಲಿ ವಿಂಡೋಸ್ ಸರ್ವರ್ 2016 ಇದೆ. ಇಪ್ಪತ್ತರಷ್ಟು ಜನ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದರಲ್ಲೇ ಟ್ಯಾಲಿ, ಎಕ್ಸೆಲ್ ಕೆಲಸ ಮಾಡುತ್ತಾರೆ. ಅಕೌಂಟ್ಸ್ ವಿಭಾಗದ ಒಬ್ಬರು ಲಾಗಿನ್ ಆದಾಗ ಡೆಸ್ಕ್‌ಟಾಪ್ ಖಾಲಿ ಕಾಣಿಸಿತು. ಟೆಂಪರರಿ ಪ್ರೊಫೈಲ್‌ನಲ್ಲಿ ಇದ್ದೀರಿ ಎಂಬ ಸಂದೇಶ ಬಂತು. ಒಂದು ವಿಡಿಯೊ ನೋಡಿ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡೆ) ಒಂದು ಹೆಸರಿನ ಕೊನೆಗೆ ಡಾಟ್ ಬ್ಯಾಕ್ ಎಂದಿದ್ದುದನ್ನು ತೆಗೆದೆ, ಸರಿಹೋಯಿತು. ಕೆಲವು ದಿನಗಳ ನಂತರ ಮತ್ತೆ ಅದೇ ಕಥೆ. ಈಗ ಹೊಸದಾಗಿ ಸೇರಿದ ಇಬ್ಬರಿಗೆ ಖಾತೆ ಮಾಡಿಕೊಟ್ಟರೆ ಅವರು ಒಳಗೆ ಹೋಗಲೂ ಆಗುತ್ತಿಲ್ಲ. ‘ಯೂಸರ್ ಪ್ರೊಫೈಲ್ ಸರ್ವಿಸ್ ಫೇಲ್ಡ್ ದ ಸೈನ್ ಇನ್’ ಎಂದು ಬಂದು ಹೊರಗೆ ಹಾಕುತ್ತದೆ. ಹಳೆಯ ಪ್ರೊಫೈಲ್ ಅಳಿಸಿಬಿಡಲೇ? ಅಥವಾ ಸರ್ವರ್ ಅನ್ನೇ ಫಾರ್ಮ್ಯಾಟ್ ಮಾಡಬೇಕೇ?

ಉತ್ತರ: ಫಾರ್ಮ್ಯಾಟ್ ಖಂಡಿತ ಬೇಡ. ಪ್ರೊಫೈಲ್ ಅಳಿಸುವುದೂ ಸದ್ಯಕ್ಕೆ ಬೇಡ. ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಸಂದೇಶಗಳು ಒಂದೇ ಥರ ಇರುವುದರಿಂದ ಒಂದೇ ಕಾಯಿಲೆ ಅನ್ನಿಸುತ್ತದೆ. ಆದರೆ ಹಳೆಯ ಬಳಕೆದಾರರಿಗೆ ಬಂದ ತೊಂದರೆಯ ಬೇರು ಒಂದು ಕಡೆ ಇದೆ, ಹೊಸಬರದ್ದು ಇನ್ನೊಂದು ಕಡೆ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡೋಣ.

ಅದಕ್ಕೂ ಮೊದಲು ಒಂದು ತುರ್ತಿನ ಮಾತು. ಟೆಂಪರರಿ ಪ್ರೊಫೈಲ್‌ನಲ್ಲಿ ಇರುವವರು ಡೆಸ್ಕ್‌ಟಾಪ್‌ನಲ್ಲೋ ಡಾಕ್ಯುಮೆಂಟ್ಸ್‌ನಲ್ಲೋ ಏನನ್ನಾದರೂ ಉಳಿಸಿದರೆ, ಲಾಗಾಫ್ ಆಗುತ್ತಿದ್ದಂತೆ ಅದು ಅಳಿಸಿಹೋಗುತ್ತದೆ. ಟೆಂಪರರಿ ಪ್ರೊಫೈಲ್ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ಒಳಗೆ ಟೆಂಪ್ ಎಂಬ ಹೆಸರಿನಲ್ಲಿ ಇರುತ್ತದೆ. ಸೆಶನ್ ಮುಗಿದಾಗ ವಿಂಡೋಸ್ ಆ ಫೋಲ್ಡರನ್ನೇ ತೆಗೆದುಹಾಕುತ್ತದೆ. ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ಹಾಗಾಗಿ ನಿಮ್ಮ ಅಕೌಂಟ್ಸ್‌ನವರು ಈಗಲೂ ಆ ಸ್ಥಿತಿಯಲ್ಲೇ ಕೆಲಸ ಮಾಡುತ್ತಿದ್ದರೆ, ಲಾಗಾಫ್ ಆಗುವ ಮೊದಲು ಅವರು ಇವತ್ತು ಮಾಡಿದ ಫೈಲ್‌ಗಳನ್ನೆಲ್ಲ ಡಿ ಡ್ರೈವ್‌ಗೆ ಕಾಪಿ ಮಾಡಿಸಿ. ಮಿಕ್ಕ ರಿಪೇರಿ ಅದರ ನಂತರ. ಅವರ ಹಳೆಯ ಫೈಲ್‌ಗಳ ಬಗ್ಗೆ ಗಾಬರಿ ಬೇಡ. ಅವು ಅವರ ಹೆಸರಿನ ಫೋಲ್ಡರ್‌ನಲ್ಲಿ ಹಾಗೇ ಇರುತ್ತವೆ, ಕಾಣಿಸುತ್ತಿಲ್ಲ ಅಷ್ಟೇ. ಟ್ಯಾಲಿ ಡೇಟಾ ಬೇರೆ ಡ್ರೈವ್‌ನಲ್ಲಿದ್ದರೆ ಅದಕ್ಕೂ ಪ್ರೊಫೈಲ್‌ಗೂ ಸಂಬಂಧವೇ ಇಲ್ಲ.

ಪ್ರೊಫೈಲ್ ಅಂದರೆ ಏನು ಎಂಬುದನ್ನು ಸ್ವಲ್ಪ ಹೇಳಿಬಿಡುತ್ತೇನೆ, ಮುಂದಿನದು ಸುಲಭ ಆಗುತ್ತದೆ. ಅದರಲ್ಲಿ ಎರಡು ಭಾಗ. ಒಂದು, ಯೂಸರ್ಸ್ ಒಳಗಿನ ಆ ವ್ಯಕ್ತಿಯ ಫೋಲ್ಡರ್. ಆ ಫೋಲ್ಡರ್‌ನಲ್ಲಿ ಎನ್‌ಟಿಯೂಸರ್ ಡಾಟ್ ಡ್ಯಾಟ್ ಎಂಬ ಅಡಗಿಸಿಟ್ಟ ಫೈಲ್ ಇರುತ್ತದೆ. ಅದೇ ಆ ಬಳಕೆದಾರರ ರಿಜಿಸ್ಟ್ರಿ ಹೈವ್, ಅಂದರೆ ರಿಜಿಸ್ಟ್ರಿಯಲ್ಲಿ ಅವರ ಪಾಲಿನ ಭಾಗ ಇರುವ ಫೈಲ್. ಅವರ ವಾಲ್‌ಪೇಪರ್, ಪ್ರಿಂಟರ್, ಎಕ್ಸೆಲ್ ಸೆಟ್ಟಿಂಗ್, ಕೀಬೋರ್ಡ್ ಆಯ್ಕೆ ಎಲ್ಲ ಅದರಲ್ಲೇ. ಟೆಂಪರರಿ ಪ್ರೊಫೈಲ್ ಬಂದಾಗ ಕನ್ನಡ ಕೀಬೋರ್ಡ್ ಮಾಯವಾಗಿ ಬರೀ ಇಂಗ್ಲಿಷ್ ಉಳಿಯುವುದು ಇದಕ್ಕೇ. ಎಷ್ಟೋ ಕಡೆ ಜನ ಮೊದಲು ಗಮನಿಸುವುದೂ ಅದನ್ನೇ. ಎರಡನೆಯ ಭಾಗ, ಯಾವ ಖಾತೆಗೆ ಯಾವ ಫೋಲ್ಡರ್ ಎಂದು ಬರೆದಿಟ್ಟ ದಾಖಲೆ. ಇದು ಸರ್ವರ್‌ನ ರಿಜಿಸ್ಟ್ರಿಯಲ್ಲಿ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್ ವರ್ಶನ್ ಹೀಗೆ ಒಳಗೊಳಗೆ ಹೋದರೆ ಸಿಗುವ ಪ್ರೊಫೈಲ್ ಲಿಸ್ಟ್ ಎಂಬ ಕೀಯಲ್ಲಿ ಇರುತ್ತದೆ (ಕೀ ಅಂದರೆ ರಿಜಿಸ್ಟ್ರಿಯೊಳಗಿನ ಫೋಲ್ಡರ್ ಇದ್ದ ಹಾಗೆ). ಅಲ್ಲಿ ಖಾತೆಯ ಹೆಸರು ಇರುವುದಿಲ್ಲ, ಎಸ್-1-5-21 ಎಂದು ಶುರುವಾಗುವ ಉದ್ದನೆಯ ಎಸ್‌ಐಡಿ, ಅಂದರೆ ಆ ಖಾತೆಯ ಗುರುತಿನ ಸಂಖ್ಯೆ ಇರುತ್ತದೆ. ಅದು ಯಾರದ್ದು ಎಂದು ತಿಳಿಯಲು ಆ ಕೀಯ ಒಳಗಿನ ಪ್ರೊಫೈಲ್ ಇಮೇಜ್ ಪಾತ್ ನೋಡಿದರೆ ಸಾಕು, ಫೋಲ್ಡರ್‌ನ ಹೆಸರು ಅದರಲ್ಲಿದೆ.

ಲಾಗಿನ್ ಆಗುವಾಗ ವಿಂಡೋಸ್ ಮೊದಲು ಈ ದಾಖಲೆ ನೋಡುತ್ತದೆ. ಆಮೇಲೆ ಆ ಫೋಲ್ಡರ್‌ಗೆ ಹೋಗಿ ಹೈವ್ ತೆರೆಯುತ್ತದೆ. ದಾಖಲೆ ಇದ್ದು ಫೋಲ್ಡರ್ ಇಲ್ಲದಿದ್ದರೂ ತೊಂದರೆ, ಎರಡೂ ಇದ್ದು ಹೈವ್ ತೆರೆಯಲಾಗದಿದ್ದರೂ ತೊಂದರೆ. ಎಕ್ಸ್‌ಪ್ಲೋರರ್‌ನಲ್ಲಿ ಹೋಗಿ ಯೂಸರ್ ಫೋಲ್ಡರನ್ನು ಸುಮ್ನೆ ಡಿಲೀಟ್ ಮಾಡಬಾರದು ಎನ್ನುವುದಕ್ಕೆ ಕಾರಣವೂ ಇದೇ. ಫೋಲ್ಡರ್ ಹೋಗುತ್ತದೆ, ದಾಖಲೆ ಉಳಿಯುತ್ತದೆ. ಮುಂದಿನ ಸಲ ಆ ವ್ಯಕ್ತಿಗೆ ಟೆಂಪರರಿ ಪ್ರೊಫೈಲೇ ಗತಿ.

ಈಗ ರೋಗ ಪತ್ತೆ. ರಿಜಿಸ್ಟ್ರಿ ಎಡಿಟರ್ ಮುಚ್ಚಿ, ವಿಂಡೋಸ್ ಬರೆದಿಟ್ಟ ಲಾಗ್‌ಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್ ಒಳಗಿನ ಅಪ್ಲಿಕೇಶನ್ ಲಾಗ್‌ಗೆ ಹೋಗಿ, ಸೋರ್ಸ್ ಯೂಸರ್ ಪ್ರೊಫೈಲ್ ಸರ್ವಿಸ್ ಎಂದಿರುವುದನ್ನು ಮಾತ್ರ ಫಿಲ್ಟರ್ ಮಾಡಿ. ವಿಡಿಯೊಗಳಲ್ಲಿ ಈ ಹೆಜ್ಜೆಯನ್ನು ತೋರಿಸುವುದೇ ಕಡಿಮೆ. ಆದರೆ ಉತ್ತರ ಹೆಚ್ಚಾಗಿ ಇಲ್ಲೇ ಬರೆದಿರುತ್ತದೆ.

ಪ್ರತಿ ಈವೆಂಟ್‌ಗೂ ಒಂದು ಐಡಿ ಸಂಖ್ಯೆ ಇರುತ್ತದೆ. 1511 ಕಂಡರೆ, ಬಳಕೆದಾರರ ಪ್ರೊಫೈಲ್ ಸಿಗದೆ ಟೆಂಪರರಿ ಕೊಡಲಾಗಿದೆ ಎಂದು ಅರ್ಥ. 1515 ಅಂದರೆ ಇದ್ದ ಪ್ರೊಫೈಲನ್ನು ವಿಂಡೋಸ್ ಬ್ಯಾಕಪ್ ಎಂದು ಬದಿಗೆ ಇಟ್ಟಿದೆ. ನೀವು ತೆಗೆದ ಡಾಟ್ ಬ್ಯಾಕ್ ಹುಟ್ಟುವುದು ಆಗಲೇ. ಇವೆರಡೂ ಪರಿಣಾಮಗಳು. ಕಾರಣ ಬೇಕಿದ್ದರೆ ಇವಕ್ಕಿಂತ ಸ್ವಲ್ಪ ಮುಂಚೆ, ಅದೇ ನಿಮಿಷದಲ್ಲಿ ಬಂದಿರುವ 1508 ಅಥವಾ 1502 ನೋಡಿ. 1508 ಅಂದರೆ ರಿಜಿಸ್ಟ್ರಿ ಹೈವ್ ಲೋಡ್ ಆಗಲಿಲ್ಲ. 1502 ಅಂದರೆ ಇಲ್ಲೇ ಇರುವ ಪ್ರೊಫೈಲ್ ಲೋಡ್ ಆಗಲಿಲ್ಲ. ಆ ಈವೆಂಟ್ ತೆರೆದು ಕೊನೆಯ ಸಾಲು ಓದಿ, ಡೀಟೇಲ್ ಎಂದು ಶುರುವಾಗುತ್ತದೆ. ಇಡೀ ತನಿಖೆಯಲ್ಲಿ ಅತಿ ಮುಖ್ಯವಾದ ಸಾಲು ಅದು. ಫೈಲನ್ನು ಬೇರೆ ಪ್ರಾಸೆಸ್ ಬಳಸುತ್ತಿದೆ ಎಂದಿದ್ದರೆ ಹೈವ್‌ಗೆ ಯಾರೋ ಲಾಕ್ ಹಾಕಿದ್ದಾರೆ. ಆ್ಯಕ್ಸೆಸ್ ಡಿನೈಡ್ ಎಂದಿದ್ದರೆ ಪರ್ಮಿಶನ್ ಕೆಟ್ಟಿದೆ. ರಿಜಿಸ್ಟ್ರಿ ಡೇಟಾಬೇಸ್ ಕರಪ್ಟ್ ಎಂದಿದ್ದರೆ ಹೈವ್ ಫೈಲೇ ಹಾಳಾಗಿದೆ. ಮೂರಕ್ಕೂ ಮದ್ದು ಬೇರೆ. ಡಾಟ್ ಬ್ಯಾಕ್ ತೆಗೆಯುವುದು ಈ ಮೂರರಲ್ಲಿ ಯಾವುದಕ್ಕೂ ಪೂರ್ತಿ ಮದ್ದಲ್ಲ. ಅದಕ್ಕೇ ನಿಮಗೆ ಮತ್ತೆ ಬಂದಿದ್ದು.

ಇನ್ನೊಂದು ಲಾಗ್ ಕೂಡ ಇದೆ. ಅಪ್ಲಿಕೇಶನ್ಸ್ ಆ್ಯಂಡ್ ಸರ್ವಿಸಸ್ ಲಾಗ್ಸ್ ಒಳಗೆ ಮೈಕ್ರೋಸಾಫ್ಟ್, ವಿಂಡೋಸ್, ಯೂಸರ್ ಪ್ರೊಫೈಲ್ ಸರ್ವಿಸ್, ಆಪರೇಶನಲ್. ಅಲ್ಲಿನ 67ನೇ ಈವೆಂಟ್‌ನಲ್ಲಿ ಪ್ರತಿ ಲಾಗಿನ್‌ಗೂ ಯಾವ ಫೋಲ್ಡರ್ ಸಿಕ್ಕಿತು, ಪ್ರೊಫೈಲ್ ಸಾಮಾನ್ಯದ್ದೋ ಟೆಂಪರರಿಯೋ ಎಂದು ದಾಖಲಾಗಿರುತ್ತದೆ. ತೊಂದರೆ ಮೊದಲು ಯಾವ ದಿನ, ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಹುಡುಕಲು ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಜನರ ನೆನಪಿಗಿಂತ ಇದನ್ನೇ ನಂಬಿ.

ಮೊದಲು ನಿಮ್ಮ ಅಕೌಂಟ್ಸ್‌ನವರ ವಿಷಯ. ಸರಿಹೋಗಿ, ಕೆಲವು ದಿನ ಚೆನ್ನಾಗಿದ್ದು, ಮತ್ತೆ ಕೆಟ್ಟಿತು ಎಂದಿದ್ದೀರಿ. ಹೈವ್ ಹಾಳಾಗಿದ್ದರೆ ಡಾಟ್ ಬ್ಯಾಕ್ ತೆಗೆದ ಮೇಲೂ ಅದು ತೆರೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಇದು ಲಾಕ್ ತೊಂದರೆ ಇರುವ ಸಾಧ್ಯತೆ ಜಾಸ್ತಿ. ಯಾವುದೋ ಒಂದು ಪ್ರೋಗ್ರಾಂ ಆಗೊಮ್ಮೆ ಈಗೊಮ್ಮೆ ಅವರ ಎನ್‌ಟಿಯೂಸರ್ ಡಾಟ್ ಡ್ಯಾಟ್ ಹಿಡಿದುಕೊಂಡಿರುತ್ತದೆ. ಅದೇ ಹೊತ್ತಿಗೆ ಅವರು ಲಾಗಿನ್ ಆದರೆ ಟೆಂಪರರಿ ಪ್ರೊಫೈಲ್ ಬರುತ್ತದೆ.

ಯಾರು ಹಿಡಿದಿದ್ದಾರೆ ಎಂದು ತಿಳಿಯಲು ಮತ್ತೆ ಅಪ್ಲಿಕೇಶನ್ ಲಾಗ್‌ಗೆ ಹೋಗಿ 1530 ಹುಡುಕಿ. ಲಾಗಾಫ್ ಆಗುವಾಗ ಯಾವುದಾದರೂ ಪ್ರೋಗ್ರಾಂ ಬಳಕೆದಾರರ ರಿಜಿಸ್ಟ್ರಿಯನ್ನು ಬಿಡದೆ ಇದ್ದರೆ ಈ ಎಚ್ಚರಿಕೆ ಬರುತ್ತದೆ. ಅದರೊಳಗೆ ಆ ಪ್ರೋಗ್ರಾಂನ ಪ್ರಾಸೆಸ್ ಸಂಖ್ಯೆ, ಎಕ್ಸ್‌ಇ ಫೈಲಿನ ಪೂರ್ತಿ ಹೆಸರು, ಯಾವ ಕೀ ತೆರೆದಿತ್ತು ಎಂಬುದೂ ಇರುತ್ತದೆ. ಬರೀ 1530 ಬಂದ ಮಾತ್ರಕ್ಕೆ ಹೆದರಬೇಕಿಲ್ಲ. ವಿಂಡೋಸ್ ಬಲವಂತವಾಗಿ ಹೈವನ್ನು ಬಿಡಿಸಿಕೊಳ್ಳುತ್ತದೆ. ಸರ್ವರ್ 2003ರ ಕಾಲದಲ್ಲಿ ಈ ಕೆಲಸಕ್ಕೆ ಯುಪಿಎಚ್‌ಕ್ಲೀನ್ ಎಂಬ ಬೇರೆ ಟೂಲ್ ಹಾಕಬೇಕಿತ್ತು. 2008ರಿಂದ ಈ ಕೆಲಸ ವಿಂಡೋಸ್ ಒಳಗೇ ಇದೆ. ಆದರೆ ಟೆಂಪರರಿ ಪ್ರೊಫೈಲ್ ಬಂದ ಪ್ರತಿ ಸಲವೂ ಅದರ ಹಿಂದಿನ ಲಾಗಾಫ್‌ನಲ್ಲಿ ಒಂದೇ ಎಕ್ಸ್‌ಇಯ ಹೆಸರು ಕಾಣುತ್ತಿದ್ದರೆ, ಅಪರಾಧಿ ಬಹುತೇಕ ಸಿಕ್ಕಂತೆ. 1552 ಬಂದಿದ್ದರೂ ಅಷ್ಟೇ. ಹೈವನ್ನು ಬೇರೆ ಪ್ರಾಸೆಸ್ ಲೋಡ್ ಮಾಡಿಕೊಂಡಿದೆ ಎಂದೇ ಅದು ಹೇಳುತ್ತದೆ.

ಸಾಮಾನ್ಯವಾಗಿ ಸಿಕ್ಕಿಬೀಳುವವರು ಯಾರು? ಆಂಟಿವೈರಸ್ ಒಂದು. ಬೆಳಗ್ಗೆ ಎಲ್ಲರೂ ಲಾಗಿನ್ ಆಗುವ ಹೊತ್ತಿಗೇ ಪೂರ್ತಿ ಸ್ಕ್ಯಾನ್ ಇಟ್ಟಿರುತ್ತಾರೆ. ಅದನ್ನು ರಾತ್ರಿಗೆ ಬದಲಾಯಿಸಿ ಕೆಲವು ದಿನ ನೋಡಿ. ಆಂಟಿವೈರಸ್ ತೆಗೆದೇ ಹಾಕುವುದು ಪರಿಹಾರ ಅಲ್ಲ. ಎರಡನೆಯದು ಬ್ಯಾಕಪ್ ಪ್ರೋಗ್ರಾಂ. ವಾಲ್ಯೂಮ್ ಶ್ಯಾಡೋ ಕಾಪಿ (ಬಳಕೆಯಲ್ಲಿರುವ ಫೈಲ್‌ಗಳ ಆ ಕ್ಷಣದ ಪ್ರತಿ ತೆಗೆಯುವ ವಿಂಡೋಸ್ ಸೌಲಭ್ಯ) ಬಳಸದೆ ನೇರವಾಗಿ ಯೂಸರ್ಸ್ ಫೋಲ್ಡರ್ ಕಾಪಿ ಮಾಡುವ ಸ್ಕ್ರಿಪ್ಟ್‌ಗಳು ಹೈವನ್ನು ಹಿಡಿದುಕೊಳ್ಳುತ್ತವೆ. ಮೂರನೆಯದು ಅಡ್ಮಿನ್‌ಗಳೇ. ಪ್ರೊಫೈಲ್ ರಿಪೇರಿ ಮಾಡಲು ರಿಜಿಸ್ಟ್ರಿ ಎಡಿಟರ್‌ನಲ್ಲಿ ಲೋಡ್ ಹೈವ್ ಕೊಟ್ಟು, ಕೆಲಸ ಮುಗಿದ ಮೇಲೆ ಅನ್‌ಲೋಡ್ ಮಾಡಲು ಮರೆತರೆ, ಆ ಬಳಕೆದಾರರಿಗೆ ಬಾಗಿಲು ಮುಚ್ಚಿದ ಹಾಗೆ. ಎಚ್‌ಕೆಇವೈ ಯೂಸರ್ಸ್ ಕೆಳಗೆ ಎಸ್‌ಐಡಿ ಅಲ್ಲದ ಯಾವುದೋ ವಿಚಿತ್ರ ಹೆಸರು ನೇತಾಡುತ್ತಿದೆಯೇ ಎಂದು ಒಮ್ಮೆ ನೋಡಿ. ಇದ್ದರೆ ಅನ್‌ಲೋಡ್ ಮಾಡಿ. ಡಾಟ್ ಡಿಫಾಲ್ಟ್ ಎಂಬುದು ವಿಂಡೋಸ್‌ನದ್ದೇ, ಅದನ್ನು ಮುಟ್ಟಬೇಡಿ.

ಸಿ ಡ್ರೈವ್‌ನಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದನ್ನೂ ನೋಡಿಬಿಡಿ. ಡಿಸ್ಕ್ ತುಂಬಿದ್ದರೆ ಹೈವ್ ಬರೆಯಲೂ ಆಗುವುದಿಲ್ಲ, ಹೊಸ ಪ್ರೊಫೈಲ್ ಮಾಡಲೂ ಆಗುವುದಿಲ್ಲ. ಸಣ್ಣ ಕಚೇರಿಗಳಲ್ಲಿ ಇಪ್ಪತ್ತು ಜನರ ಡೌನ್‌ಲೋಡ್ಸ್ ಫೋಲ್ಡರ್‌ಗಳೇ ಸಿ ಡ್ರೈವನ್ನು ತಿಂದುಬಿಡುತ್ತವೆ.

ಇನ್ನು ರಿಪೇರಿ. ನಿಮಗೆ ಬಹುಶಃ ಯಾರೂ ಹೇಳದ ವಿಷಯ ಒಂದಿದೆ. 1515ರ ಸಂದೇಶ ಪೂರ್ತಿ ಓದಿದರೆ, ಬದಿಗಿಟ್ಟ ಪ್ರೊಫೈಲನ್ನು ಮುಂದಿನ ಲಾಗಿನ್‌ನಲ್ಲಿ ತಾನಾಗಿಯೇ ಬಳಸಲು ನೋಡುತ್ತೇನೆ ಎಂದು ವಿಂಡೋಸ್ ಹೇಳಿರುತ್ತದೆ. ಅಂದರೆ ಡಾಟ್ ಬ್ಯಾಕ್ ಎಂಬುದು ಕೆಟ್ಟುಹೋದದ್ದರ ಗುರುತೇನೂ ಅಲ್ಲ, ನಿಮ್ಮ ಪ್ರೊಫೈಲನ್ನು ಕಾಪಾಡಲು ವಿಂಡೋಸ್ ಇಟ್ಟುಕೊಂಡ ದಾಖಲೆ. ಲಾಕ್ ಬಿಟ್ಟುಹೋಗಿದ್ದರೆ ಯಾರೂ ಏನೂ ಮಾಡದೆ ಅದು ಸರಿಯಾಗುವುದುಂಟು. ಆದ್ದರಿಂದ ಮೊದಲ ಪ್ರಯೋಗ ಇಷ್ಟೇ: ಫೈಲ್‌ಗಳನ್ನು ಕಾಪಿ ಮಾಡಿಕೊಂಡು ಅವರನ್ನು ಲಾಗಾಫ್ ಮಾಡಿಸಿ, ಕಚೇರಿ ಮುಗಿದ ಮೇಲೆ ಸರ್ವರ್ ರೀಸ್ಟಾರ್ಟ್ ಮಾಡಿ, ಮತ್ತೆ ಲಾಗಿನ್ ಮಾಡಿಸಿ. ಸರಿಹೋದರೆ ಅದು ಲಾಕ್ ತೊಂದರೆಯೇ ಎಂದು ಇನ್ನಷ್ಟು ಖಾತ್ರಿ ಆಯಿತು.

ಹಾಗೂ ಸರಿಹೋಗದಿದ್ದರೆ ಮಾತ್ರ ರಿಜಿಸ್ಟ್ರಿಗೆ ಹೋಗಿ. ಅವರ ಸೆಶನ್ ಇನ್ನೂ ಇದೆಯೇ ಎಂದು ಟಾಸ್ಕ್ ಮ್ಯಾನೇಜರ್‌ನ ಯೂಸರ್ಸ್ ಟ್ಯಾಬ್‌ನಲ್ಲಿ ನೋಡಿ, ಡಿಸ್ಕನೆಕ್ಟ್ ಎಂದು ಕಂಡರೂ ಸೈನ್ ಆಫ್ ಮಾಡಿಸಿ. ಪ್ರೊಫೈಲ್ ಲಿಸ್ಟ್ ಕೀಯನ್ನು ಪೂರ್ತಿಯಾಗಿ ಎಕ್ಸ್‌ಪೋರ್ಟ್ ಮಾಡಿ ಡಿ ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಅವರ ಎಸ್‌ಐಡಿ ಎರಡು ಸಲ ಇರಬಹುದು, ಒಂದು ಬರಿದೇ, ಇನ್ನೊಂದು ಡಾಟ್ ಬ್ಯಾಕ್ ಸೇರಿಕೊಂಡು. ಎರಡರ ಪ್ರೊಫೈಲ್ ಇಮೇಜ್ ಪಾತ್ ಹೋಲಿಸಿ ನೋಡಿ. ಬರಿದೇ ಇರುವುದು ಟೆಂಪ್ ಫೋಲ್ಡರ್ ತೋರಿಸುತ್ತದೆ, ಡಾಟ್ ಬ್ಯಾಕ್ ಇರುವುದು ನಿಜವಾದ ಫೋಲ್ಡರ್ ತೋರಿಸುತ್ತದೆ. ಇದನ್ನು ಕಣ್ಣಾರೆ ನೋಡದೆ ಹೆಸರು ಬದಲಿಸಬೇಡಿ. ಉಲ್ಟಾ ಮಾಡಿದರೆ ನಿಜವಾದ ದಾಖಲೆಯೇ ಕಳೆದುಹೋಗುತ್ತದೆ. ನಂತರ ಟೆಂಪ್ ಕಡೆ ತೋರಿಸುವ ಕೀಯ ಕೊನೆಗೆ ಬೇರೆ ಏನಾದರೂ ಸೇರಿಸಿ ಹೆಸರು ಬದಲಿಸಿ, ನಿಜವಾದದ್ದರಿಂದ ಡಾಟ್ ಬ್ಯಾಕ್ ತೆಗೆಯಿರಿ. ಅದರೊಳಗೆ ಸ್ಟೇಟ್ ಮತ್ತು ರೆಫ್‌ಕೌಂಟ್ ಎಂಬ ಬೆಲೆಗಳನ್ನು ಸೊನ್ನೆ ಮಾಡಿ. ರೆಫ್‌ಕೌಂಟ್ ಇಲ್ಲದಿದ್ದರೆ ಹೊಸದಾಗಿ ಮಾಡಬೇಕಿಲ್ಲ. ಡಾಟ್ ಬ್ಯಾಕ್ ಒಂದೇ ಇದ್ದರೆ ಕೆಲಸ ಇನ್ನೂ ಸುಲಭ, ಅದನ್ನು ತೆಗೆದು ಇದೇ ಎರಡು ಬೆಲೆ ನೋಡಿದರೆ ಮುಗಿಯಿತು.

ಡೀಟೇಲ್ ಸಾಲಿನಲ್ಲಿ ಆ್ಯಕ್ಸೆಸ್ ಡಿನೈಡ್ ಇದ್ದರೆ ಎರಡು ಕಡೆ ಪರ್ಮಿಶನ್ ನೋಡಬೇಕು. ಒಂದು ಫೋಲ್ಡರ್ ಮೇಲೆ, ಇನ್ನೊಂದು ಹೈವ್ ಒಳಗೆ. ಆ ಬಳಕೆದಾರರಿಗೂ ಸಿಸ್ಟಮ್‌ಗೂ ಎರಡೂ ಕಡೆ ಫುಲ್ ಕಂಟ್ರೋಲ್ ಇರಬೇಕು. ಹೊರಗಡೆ ಸರಿಯಿದ್ದು ಒಳಗೆ ಇಲ್ಲದಿರುವುದೇ ಹೆಚ್ಚು ಕಾಡುತ್ತದೆ. ಬೇರೊಬ್ಬರ ಎನ್‌ಟಿಯೂಸರ್ ಡಾಟ್ ಡ್ಯಾಟ್ ತಂದು ಹಾಕಿದವರಿಗೆ ಆಗುವುದು ಇದೇ. ಹೈವ್ ಒಳಗೆ ಹಳೆಯವರ ಎಸ್‌ಐಡಿಯೇ ಕೂತಿರುತ್ತದೆ. ಲೋಡ್ ಹೈವ್ ಮಾಡಿ, ಆ ಹೈವ್‌ನ ಎಲ್ಲಕ್ಕಿಂತ ಮೇಲಿನ ಕೀಯ ಪರ್ಮಿಶನ್ ಸರಿಪಡಿಸಿ, ಅನ್‌ಲೋಡ್ ಮಾಡಿ. ಅನ್‌ಲೋಡ್ ಮಾಡುವುದನ್ನು ಮತ್ತೊಮ್ಮೆ ನೆನಪಿಸುತ್ತಿದ್ದೇನೆ.

ಕರಪ್ಟ್ ಎಂದಿದ್ದರೆ ಅದು ಹೆಚ್ಚಾಗಿ ಕರೆಂಟ್ ಹೋದ ಕಥೆ. ನಮ್ಮ ಊರುಗಳಲ್ಲಿ ಇದನ್ನು ವಿವರಿಸಿ ಹೇಳಬೇಕಿಲ್ಲ ಅಲ್ವಾ? ರಿಮೋಟ್ ಡೆಸ್ಕ್‌ಟಾಪ್ ಬಳಸುವವರು ಬಹುಪಾಲು ಜನ ಲಾಗಾಫ್ ಮಾಡುವುದೇ ಇಲ್ಲ. ಮೇಲಿನ ಇಂಟು ಗುರುತು ಒತ್ತಿ ಮನೆಗೆ ಹೋಗುತ್ತಾರೆ. ಸೆಶನ್ ಸರ್ವರ್‌ನಲ್ಲಿ ದಿನಗಟ್ಟಲೆ ಹಾಗೇ ಜೀವಂತ ಇರುತ್ತದೆ, ಹೈವ್ ತೆರೆದೇ ಇರುತ್ತದೆ. ರಾತ್ರಿ ಯುಪಿಎಸ್ ಕೈಕೊಟ್ಟರೆ ಅಷ್ಟೂ ಜನರ ಹೈವ್‌ಗಳು ಅರ್ಧಕ್ಕೆ ನಿಂತ ಹಾಗಾಗುತ್ತವೆ. ಪಕ್ಕದಲ್ಲಿರುವ ಲಾಗ್1, ಲಾಗ್2 ಫೈಲ್‌ಗಳಿಂದ ವಿಂಡೋಸ್ ಹೆಚ್ಚಿನ ಸಲ ತಾನೇ ಚೇತರಿಸಿಕೊಳ್ಳುತ್ತದೆ. ಪ್ರತಿ ಸಲವೂ ಆಗುತ್ತದೆ ಎನ್ನಲಾಗದು. ಹಾಳಾದ ಹೈವ್‌ಗೆ ಒಳ್ಳೆಯ ದಾರಿ ಎಂದರೆ ಹಳೆಯ ಬ್ಯಾಕಪ್‌ನಿಂದ ಆ ಫೈಲೊಂದನ್ನೇ ವಾಪಸ್ ತರುವುದು. ಸಿ ಡ್ರೈವ್‌ಗೆ ಶ್ಯಾಡೋ ಕಾಪಿ ಆನ್ ಇದ್ದರೆ ಪ್ರೀವಿಯಸ್ ವರ್ಶನ್ಸ್‌ನಲ್ಲಿ ಸಿಗುತ್ತದೆ. ಸೆಟ್ಟಿಂಗ್‌ಗಳು ನಾಲ್ಕು ದಿನ ಹಿಂದಕ್ಕೆ ಹೋಗುತ್ತವೆ, ಅಷ್ಟು ಬಿಟ್ಟರೆ ಬೇರೆ ನಷ್ಟ ಇಲ್ಲ.

ಬ್ಯಾಕಪ್ ಇಲ್ಲವೆಂದರೆ ಹೊಸ ಪ್ರೊಫೈಲ್ ಮಾಡಬೇಕು. ಅಳಿಸುವ ಮಾತು ಬರುವುದು ಇಲ್ಲಿ. ಆಗಲೂ ಮೊದಲು ಅವರ ಹಳೆಯ ಫೋಲ್ಡರನ್ನು ಪೂರ್ತಿ ಬೇರೆ ಡ್ರೈವ್‌ಗೆ ಕಾಪಿ ಮಾಡಿ, ತೆರೆದು ನೋಡಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿರುವ ಯೂಸರ್ ಪ್ರೊಫೈಲ್ಸ್ ಸೆಟ್ಟಿಂಗ್ಸ್‌ನಿಂದಲೇ ಡಿಲೀಟ್ ಮಾಡಿ. ಅಲ್ಲಿಂದ ಮಾಡಿದರೆ ಫೋಲ್ಡರ್ ಮತ್ತು ದಾಖಲೆ ಎರಡೂ ಒಟ್ಟಿಗೆ ಹೋಗುತ್ತವೆ. ಅವರು ಲಾಗಿನ್ ಆಗಿ ಹೊಸ ಪ್ರೊಫೈಲ್ ಹುಟ್ಟಿದ ಮೇಲೆ, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೇವರಿಟ್ಸ್ ಇಂಥವನ್ನು ಕಾಪಿಯಿಂದ ತಂದು ಹಾಕಿ. ಎನ್‌ಟಿಯೂಸರ್ ಎಂದು ಶುರುವಾಗುವ ಯಾವ ಫೈಲನ್ನೂ ತರಬೇಡಿ. ತಂದರೆ ಹಳೆಯ ಕಾಯಿಲೆಯನ್ನು ಹೊಸ ಮನೆಗೆ ಕರೆತಂದಂತೆ.

ಇನ್ನು ಹೊಸಬರಿಬ್ಬರ ವಿಷಯ. ಹಳಬರೆಲ್ಲ ಆರಾಮಾಗಿ ಲಾಗಿನ್ ಆಗುತ್ತಾರೆ, ಹೊಸ ಖಾತೆಗಳು ಮಾತ್ರ ಆಗುವುದಿಲ್ಲ. ಇದೊಂದು ಸುಳಿವೇ ಸಾಕು. ಹೊಸ ಬಳಕೆದಾರರ ಪ್ರೊಫೈಲ್ ಎಂಬುದು ಯೂಸರ್ಸ್ ಒಳಗೆ ಅಡಗಿಸಿಟ್ಟಿರುವ ಡಿಫಾಲ್ಟ್ ಎಂಬ ಫೋಲ್ಡರ್‌ನ ಕಾಪಿ. ಹಳಬರ ಕಾಪಿ ಎಂದೋ ಆಗಿಹೋಗಿದೆ, ಹಾಗಾಗಿ ಡಿಫಾಲ್ಟ್ ಕೆಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಹೊಸಬರು ಬಂದ ದಿನವೇ ಅದು ಬಯಲಾಗುವುದು. ಖಾತ್ರಿ ಮಾಡಿಕೊಳ್ಳಲು ಪರೀಕ್ಷೆಗೆಂದು ಇನ್ನೊಂದು ಖಾತೆ ಮಾಡಿ ಲಾಗಿನ್ ಆಗಿ ನೋಡಿ. ಅದೂ ಆಗದಿದ್ದರೆ ಆ ಇಬ್ಬರ ಖಾತೆಯಲ್ಲಿ ಏನೂ ತಪ್ಪಿಲ್ಲ.

ಅಪ್ಲಿಕೇಶನ್ ಲಾಗ್‌ನಲ್ಲಿ ಈಗ 1509 ಹುಡುಕಿ. ಡಿಫಾಲ್ಟ್ ಒಳಗಿನ ಯಾವ ಫೈಲನ್ನು ಕಾಪಿ ಮಾಡಲು ಆಗಲಿಲ್ಲ ಎಂದು ಪೂರ್ತಿ ದಾರಿಯೊಂದಿಗೆ ಅದು ಹೇಳುತ್ತದೆ. ಹೆಚ್ಚಿನ ಸಲ ಡೀಟೇಲ್‌ನಲ್ಲಿ ಆ್ಯಕ್ಸೆಸ್ ಡಿನೈಡ್ ಇರುತ್ತದೆ. ಇದು ಹೇಗಾಗುತ್ತದೆ ಗೊತ್ತೇ? ಎಲ್ಲ ಹೊಸಬರಿಗೂ ಒಂದು ಶಾರ್ಟ್‌ಕಟ್‌ ಅಥವಾ ಒಂದು ಸೆಟ್ಟಿಂಗ್ ಫೈಲ್ ಸಿಗಲಿ ಎಂದು ಒಳ್ಳೆಯ ಉದ್ದೇಶದಿಂದ ಯಾರೋ ಅದನ್ನು ಡಿಫಾಲ್ಟ್ ಒಳಗೆ ಹಾಕಿರುತ್ತಾರೆ. ಕಾಪಿ ಮಾಡಿದ್ದರೆ ತೊಂದರೆ ಇರಲಿಲ್ಲ, ಡಿಫಾಲ್ಟ್‌ನ ಪರ್ಮಿಶನ್ ಅದಕ್ಕೂ ಬರುತ್ತಿತ್ತು. ಒಂದೇ ಡ್ರೈವ್‌ನಲ್ಲಿ ಕಟ್ ಮಾಡಿ ಪೇಸ್ಟ್ ಮಾಡಿದರೆ ಫೈಲ್ ತನ್ನ ಹಳೆಯ ಪರ್ಮಿಶನ್ ಹೊತ್ತುಕೊಂಡೇ ಬರುತ್ತದೆ. ಅದು ಅಡ್ಮಿನ್‌ನ ಸ್ವಂತ ಫೋಲ್ಡರ್‌ನಿಂದ ಬಂದಿದ್ದರೆ, ಅಡ್ಮಿನ್ ಬಿಟ್ಟು ಬೇರೆ ಯಾರೂ ಓದಲಾಗದು. ಒಂದು ಸಣ್ಣ ಶಾರ್ಟ್‌ಕಟ್‌ ಕಾರಣಕ್ಕೆ ಹೊಸಬರ ಇಡೀ ಲಾಗಿನ್ ನಿಂತುಹೋಗುತ್ತದೆ.

ಹೊಸಬರಿಗೂ ಕನ್ನಡ ಕೀಬೋರ್ಡ್ ತಾನಾಗಿ ಬರಲಿ ಎಂದು ಡಿಫಾಲ್ಟ್‌ನಲ್ಲಿ ಏನಾದರೂ ಮಾಡಿದ್ದಿರಾ? ಅದಕ್ಕೆ ಫೈಲ್ ಮುಟ್ಟಬೇಕಾಗಿಲ್ಲ. ನಿಮ್ಮ ಖಾತೆಯಲ್ಲಿ ಕೀಬೋರ್ಡ್ ಹೊಂದಿಸಿಕೊಂಡು, ಕಂಟ್ರೋಲ್ ಪ್ಯಾನೆಲ್‌ನ ರೀಜನ್‌ನಲ್ಲಿ ಅಡ್ಮಿನಿಸ್ಟ್ರೇಟಿವ್ ಟ್ಯಾಬ್‌ಗೆ ಹೋಗಿ ಕಾಪಿ ಸೆಟ್ಟಿಂಗ್ಸ್ ಒತ್ತಿ, ಹೊಸ ಬಳಕೆದಾರರ ಖಾತೆಗಳಿಗೆ ಎಂಬುದಕ್ಕೆ ಟಿಕ್ ಹಾಕಿದರೆ ವಿಂಡೋಸೇ ಸರಿಯಾದ ಜಾಗದಲ್ಲಿ ಬರೆದುಕೊಳ್ಳುತ್ತದೆ.

1509 ಹೇಳಿದ ಫೈಲ್ ನಿಮ್ಮದೇ ಯಾರೋ ಹಾಕಿದ್ದಾದರೆ ತೆಗೆದುಬಿಡಿ, ಇಲ್ಲವೇ ಅದಕ್ಕೆ ಯೂಸರ್ಸ್ ಗುಂಪಿಗೆ ಓದುವ ಪರ್ಮಿಶನ್ ಕೊಡಿ. ಆ ಒಂದು ಫೈಲಿಗೆ ಮಾತ್ರ. ಇಡೀ ಡಿಫಾಲ್ಟ್ ಮೇಲೆ ಎಲ್ಲರಿಗೂ ಫುಲ್ ಕಂಟ್ರೋಲ್ ಕೊಟ್ಟು ಕೈತೊಳೆದುಕೊಳ್ಳುವ ಸಲಹೆ ಕೆಲವೆಡೆ ಸಿಗುತ್ತದೆ. ದಯವಿಟ್ಟು ಕೇಳಬೇಡಿ. ಆ ಫೋಲ್ಡರ್ ಒಳಗೆ ಹಳೆಯ ಹೆಸರುಗಳಿಗೆಂದು ಇಟ್ಟ ಜಂಕ್ಷನ್‌ಗಳಿರುತ್ತವೆ (ಬೇರೆ ಫೋಲ್ಡರ್‌ಗೆ ದಾರಿ ತೋರಿಸುವ ಕೊಂಡಿಗಳು), ಅವುಗಳ ಮೇಲಿನ ತಡೆಯನ್ನು ಬೇಕೆಂದೇ ಇಟ್ಟಿರುತ್ತಾರೆ. ಅದನ್ನು ತೆಗೆದರೆ ಕಾಪಿ ಮಾಡುವ ಪ್ರೋಗ್ರಾಂಗಳು ಅದೇ ದಾರಿಯಲ್ಲಿ ಸುತ್ತುತ್ತಾ ಕೂರುತ್ತವೆ. ಜೊತೆಗೆ ಯಾರು ಬೇಕಾದರೂ ಮುಂದಿನ ಎಲ್ಲ ಹೊಸಬರ ಪ್ರೊಫೈಲ್‌ಗೆ ಏನು ಬೇಕಾದರೂ ಸೇರಿಸಬಹುದು ಎಂದಾಗುತ್ತದೆ.

ಡಿಫಾಲ್ಟ್‌ನ ಎನ್‌ಟಿಯೂಸರ್ ಡಾಟ್ ಡ್ಯಾಟೇ ಕಾಣೆಯಾಗಿದ್ದರೆ ಅಥವಾ ಹಾಳಾಗಿದ್ದರೆ, ಅದೇ ಆವೃತ್ತಿಯ ಇನ್ನೊಂದು ಸರ್ವರ್‌ನಿಂದ ಡಿಫಾಲ್ಟ್ ಫೋಲ್ಡರ್ ತರಬಹುದು. ಇನ್ನೊಂದು ಸರ್ವರ್ ಇಲ್ಲದಿದ್ದರೆ ಇನ್‌ಸ್ಟಾಲ್ ಮಾಡಿದ ಡಿವಿಡಿ ಅಥವಾ ಐಎಸ್‌ಒ ಸಾಕು. ಅದರ ಸೋರ್ಸಸ್ ಒಳಗಿನ ಇನ್‌ಸ್ಟಾಲ್ ಡಾಟ್ ವಿಮ್ ಫೈಲನ್ನು ಡಿಸ್ಮ್ ಕಮಾಂಡ್‌ನಿಂದ ಮೌಂಟ್ ಮಾಡಿದರೆ ಯೂಸರ್ಸ್, ಡಿಫಾಲ್ಟ್ ಎಲ್ಲ ಹಾಗೇ ಕಾಣುತ್ತದೆ. 2012 ಆರ್2ದ ಡಿಫಾಲ್ಟ್ ತಂದು 2016ಕ್ಕೆ ಹಾಕಬೇಡಿ. ಹಳೆಯದನ್ನು ಅಳಿಸದೆ ಹೆಸರು ಬದಲಿಸಿ ಇಟ್ಟುಕೊಳ್ಳಿ.

ಡಿಫಾಲ್ಟ್ ಸರಿಪಡಿಸಿದ ಮೇಲೂ ಆ ಇಬ್ಬರಿಗೆ ಲಾಗಿನ್ ಆಗದೆ ಹೋಗಬಹುದು. ಗಾಬರಿ ಆಗಬೇಡಿ. ಮೊದಲ ಸೋಲಿನಲ್ಲಿ ಅರ್ಧಂಬರ್ಧ ಫೋಲ್ಡರ್ ಅಥವಾ ಪ್ರೊಫೈಲ್ ಲಿಸ್ಟ್‌ನ ಒಂದು ಕೀ ಉಳಿದಿರಬಹುದು. ಅವರದ್ದು ಹೊಸ ಖಾತೆ, ಕಳೆದುಕೊಳ್ಳಲು ಏನೂ ಇಲ್ಲ. ಅದೇ ಯೂಸರ್ ಪ್ರೊಫೈಲ್ಸ್ ಕಿಟಕಿಯಿಂದ ಅದನ್ನು ಅಳಿಸಿ, ಮತ್ತೆ ಲಾಗಿನ್ ಮಾಡಿಸಿ.

ಲಾಗಿನ್ ಆಗುತ್ತದೆ ಆದರೆ ಕಪ್ಪು ಪರದೆ ತುಂಬಾ ಹೊತ್ತು ನಿಲ್ಲುತ್ತದೆ, ಸ್ಟಾರ್ಟ್ ಮೆನು ತೆರೆಯುವುದಿಲ್ಲ ಎಂದರೆ ಅದು ಪ್ರೊಫೈಲ್ ತೊಂದರೆ ಆಗಿರಲಾರದು. 2016 ಮತ್ತು 2019ರ ರಿಮೋಟ್ ಡೆಸ್ಕ್‌ಟಾಪ್ ಸರ್ವರ್‌ಗಳಲ್ಲಿ ಬಳಕೆದಾರರ ಲಾಗಿನ್‌ಗಳಿಂದ ಫೈರ್‌ವಾಲ್ ನಿಯಮಗಳು ಗುಡ್ಡೆ ಬೀಳುತ್ತಾ ಹೋಗುವ ಸಮಸ್ಯೆ ಇತ್ತು. ಅಪ್‌ಡೇಟ್ ಹಾಕಿಕೊಂಡು, ರಿಜಿಸ್ಟ್ರಿಯ ಫೈರ್‌ವಾಲ್ ಪಾಲಿಸಿ ಕೀಯಲ್ಲಿ ಡಿಲೀಟ್ ಯೂಸರ್ ಆ್ಯಪ್ ಕಂಟೇನರ್ಸ್ ಆನ್ ಲಾಗಾಫ್ ಎಂಬುದನ್ನು 1 ಮಾಡಿದರೆ ಹೊಸದಾಗಿ ಸೇರುವುದು ನಿಲ್ಲುತ್ತದೆ. ಹಳೆಯ ಗುಡ್ಡೆಯನ್ನು ಬೇರೆಯಾಗಿ ತೆಗೆಯಬೇಕು.

ನಿಮ್ಮಲ್ಲಿ ಒಂದೇ ಸರ್ವರ್ ಇರುವುದರಿಂದ ಯೂಸರ್ ಪ್ರೊಫೈಲ್ ಡಿಸ್ಕ್, ಎಫ್‌ಎಸ್‌ಲಾಜಿಕ್ಸ್, ರೋಮಿಂಗ್ ಪ್ರೊಫೈಲ್‌ಗಳ ಗೋಜು, ಅಂದರೆ ಪ್ರೊಫೈಲನ್ನು ಬೇರೊಂದು ಫೈಲ್ ಸರ್ವರ್‌ನಲ್ಲಿ ಇಡುವ ಏರ್ಪಾಡು, ಇಲ್ಲ ಎಂದುಕೊಂಡಿದ್ದೇನೆ. ಅವು ಇರುವ ಕಡೆ ಹುಡುಕಾಟ ಬೇರೆ ಜಾಗದಲ್ಲಿ ಶುರುವಾಗಬೇಕು. ಡಿಸ್ಕ್ ಫೈಲನ್ನು ಇನ್ನೊಂದು ಸರ್ವರ್ ಬಿಡದೆ ಹಿಡಿದಿದೆಯೇ ಎಂದು ಫೈಲ್ ಸರ್ವರ್‌ನ ಓಪನ್ ಫೈಲ್ಸ್‌ನಲ್ಲಿ ನೋಡಬೇಕು. ರೋಮಿಂಗ್ ಆದರೆ ಫೋಲ್ಡರ್‌ನ ಒಡೆತನ ಮತ್ತು ಅದರ ಹೆಸರಿನ ಕೊನೆಯ ವಿ2, ವಿ4, ವಿ6 ಇವು ಸರ್ವರ್ ಆವೃತ್ತಿಗೆ ಹೊಂದುತ್ತವೆಯೇ ಎಂದು ನೋಡಬೇಕು. 2016ಕ್ಕೆ ಬೇಕಾದ್ದು ವಿ6.

ಇದು ಮರುಕಳಿಸದಿರಲು ನಾನು ನಿಮ್ಮ ಜಾಗದಲ್ಲಿ ಇದ್ದಿದ್ದರೆ ಮೊದಲು ಮಾಡುವುದು ಡಿಸ್ಕನೆಕ್ಟ್ ಆದ ಸೆಶನ್‌ಗಳಿಗೆ ಮಿತಿ ಹಾಕುವುದು. ಗ್ರೂಪ್ ಪಾಲಿಸಿಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ಸೆಶನ್ ಹೋಸ್ಟ್ ಕೆಳಗೆ ಸೆಶನ್ ಟೈಮ್ ಲಿಮಿಟ್ಸ್ ಇದೆ. ಮೂರು ಗಂಟೆ ಇಟ್ಟರೆ ಊಟಕ್ಕೆ ಹೋದವರಿಗೂ ತೊಂದರೆ ಇಲ್ಲ, ರಾತ್ರಿ ಹೈವ್‌ಗಳೂ ಸರಿಯಾಗಿ ಮುಚ್ಚಿಕೊಳ್ಳುತ್ತವೆ. ಉಳಿಸದೆ ಬಿಟ್ಟುಹೋದ ಕೆಲಸ ಆಗ ಹೋಗುತ್ತದೆ, ಅದನ್ನು ಎಲ್ಲರಿಗೂ ಮೊದಲೇ ತಿಳಿಸಿ. ಯುಪಿಎಸ್ ಬ್ಯಾಟರಿ ಮುಗಿಯುವ ಮೊದಲು ಸರ್ವರ್ ತಾನೇ ಶಟ್‌ಡೌನ್ ಆಗುವ ಹಾಗೆ ಹೊಂದಿಸಿ. ಇಬ್ಬರು ಮೂವರು ಸೇರಿ ಒಂದೇ ಯೂಸರ್‌ನೇಮ್ ಬಳಸುತ್ತಿದ್ದರೆ ಅದನ್ನು ಬಿಡಿಸಿ, ಪ್ರತಿಯೊಬ್ಬರಿಗೂ ಅವರದ್ದೇ ಖಾತೆ ಕೊಡಿ.

ಇಷ್ಟು ದಿನಗಳಿಗಿಂತ ಹಳೆಯ ಪ್ರೊಫೈಲ್‌ಗಳನ್ನು ಅಳಿಸು ಎಂಬ ಒಂದು ಪಾಲಿಸಿಯೂ ಗ್ರೂಪ್ ಪಾಲಿಸಿಯಲ್ಲಿ ಕಣ್ಣಿಗೆ ಬೀಳುತ್ತದೆ. ಜಾಗ ಉಳಿಯುತ್ತದಲ್ಲ ಎಂದು ಆನ್ ಮಾಡಬೇಡಿ. ನಿಮ್ಮಲ್ಲಿ ಜನರ ಫೈಲ್‌ಗಳು ಪ್ರೊಫೈಲ್ ಒಳಗೇ ಇವೆ. ಹೆರಿಗೆ ರಜೆಗೆ ಹೋದವರು ವಾಪಸ್ ಬರುವಷ್ಟರಲ್ಲಿ ಎಲ್ಲ ಅಳಿಸಿಹೋಗಿರುತ್ತದೆ.

ಕೊನೆಯದಾಗಿ, ಇದೆಲ್ಲ ಮಾಡುವ ಮೊದಲು ಎರಡನೆಯ ಅಡ್ಮಿನ್ ಖಾತೆ ಒಂದು ಇದೆಯೇ ನೋಡಿ. ಡಿಫಾಲ್ಟ್ ಕೆಟ್ಟಿರುವಾಗ ಹೊಸ ಅಡ್ಮಿನ್ ಮಾಡಿದರೂ ಅವರು ಒಳಗೆ ಬರಲಾಗುವುದಿಲ್ಲ. ಈಗಾಗಲೇ ಲಾಗಿನ್ ಆಗಿ ಪ್ರೊಫೈಲ್ ಇರುವ ಒಬ್ಬ ಹಳಬರನ್ನೇ ಈ ಕೆಲಸ ಮುಗಿಯುವವರೆಗೆ ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಸೇರಿಸಿಕೊಳ್ಳಿ, ಮುಗಿದ ಮೇಲೆ ತೆಗೆಯಿರಿ. 1508ರ ಡೀಟೇಲ್ ಸಾಲು ಮತ್ತು 1509 ಹೇಳುವ ಫೈಲಿನ ಹೆಸರು ಇವೆರಡನ್ನು ಬರೆದು ಕಳಿಸಿದರೆ ಮುಂದಿನ ಹೆಜ್ಜೆ ಇನ್ನೂ ಖಚಿತವಾಗಿ ಹೇಳುತ್ತೇನೆ.